ಚಲಚ್ಚಿತ್ರಕ್ಕೆ ಮೊದಲ ಪಾಠ: ಒಂದು ಕೋಣೆ, ಒಂದು ಕಿಟಕಿ, ಒಬ್ಬ ಅಜ್ಜಿ

ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ 1934ರಲ್ಲಿ ತೆರೆಗೆ ಬಂದಿತು. ಅದರ ತಯಾರಕರು ನಟವರ್ಗವನ್ನೆಲ್ಲ ಕರೆದುಕೊಂಡು ಕೊಲ್ಹಾಪುರಕ್ಕೆ ಹೋಗಿ, ಅಲ್ಲಿಯ ಛತ್ರಪತಿ ಸ್ಟುಡಿಯೋದಲ್ಲಿ ಚಿತ್ರೀಕರಣ ನಡೆಸಿದರು. ಚಿತ್ರವನ್ನೂ ಮಾತನ್ನೂ ಹಿಡಿಯುವ ಯಂತ್ರಗಳು ಅಂದು ಅಷ್ಟು ದುರ್ಲಭವಾಗಿದ್ದುವು. ಇಂದು ಆ ಎರಡು ಕೆಲಸಗಳನ್ನೂ ಮಾಡಬಲ್ಲ ಯಂತ್ರವು ಕಾಲೇಜು ವಿದ್ಯಾರ್ಥಿಯ ಅಂಗಿಯ ಜೇಬಿನಲ್ಲಿದೆ. ಅದರಲ್ಲಿ ತೆಗೆದ ಚಿತ್ರವನ್ನು ಗೆಳೆಯರ ಮುಂದೆ ತೋರಿಸಿದಾಗ ಮಾತ್ರ ಹಲವು ವೇಳೆ ನಿರಾಶೆಯೇ ಫಲ. ಮುಖ ಕಪ್ಪಾಗಿರುತ್ತದೆ, ಗೋಡೆಯ ಮೇಲೆ ಪಟ್ಟೆಪಟ್ಟೆಯಾಗಿ ನೆರಳು ಹರಿಯುತ್ತದೆ, ಮಾತು ಬಾವಿಯೊಳಗಿನಿಂದ ಬಂದಂತೆ ಕೇಳಿಸುತ್ತದೆ. ಯಂತ್ರವನ್ನು ದೂರುವುದು ಸುಲಭ. ಆದರೆ ಇವುಗಳಲ್ಲಿ ಒಂದೊಂದಕ್ಕೂ ಪ್ರೌಢಶಾಲೆಯ ಭೌತಶಾಸ್ತ್ರದಲ್ಲಿಯೇ ಕಾರಣವುಂಟು, ಪರಿಹಾರವೂ ಉಂಟು.

ಪಾಠಕ್ಕೆ ಒಂದು ನಿಶ್ಚಿತ ಕೆಲಸವನ್ನು ಆರಿಸಿಕೊಳ್ಳೋಣ. ಬೆಂಗಳೂರಿನ ಪೂರ್ವಕ್ಕಿರುವ ಮಾರತ್ತಹಳ್ಳಿಯ ಹೆಸರನ್ನು ಕೇಳದವರಿಲ್ಲ. ಹೊರ ವರ್ತುಲ ರಸ್ತೆ, ಮೇಲುಸೇತುವೆ, ಗಾಜಿನ ಕಚೇರಿಗಳು, ವಿದ್ಯಾರ್ಥಿಗಳೂ ನೌಕರರೂ ತುಂಬಿದ ಬಾಡಿಗೆ ಕೋಣೆಗಳು ಇವೇ ಈಗ ಆ ಊರಿನ ಗುರುತು. ಆದರೆ ದೊಡ್ಡ ರಸ್ತೆಯಿಂದ ಒಳಗೆ ಎರಡು ತಿರುವು ದಾಟಿದರೆ ಹಳೆಯ ಹಳ್ಳಿಯ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅಂತಹ ಮನೆಯೊಂದರಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಇದ್ದಾರೆಂದು ಭಾವಿಸೋಣ. ರಾಗಿ ಹೊಲದ ಕಳೆ ಕಿತ್ತುದು, ಕೆರೆಯ ನೀರು, ವಿಮಾನ ಕಾರ್ಖಾನೆಯ ಸೈರನ್ನು, ಮೊದಲ ಬಾರಿಗೆ ರಸ್ತೆ ಅಳೆಯಲು ಬಂದವರು, ಇವೆಲ್ಲ ಅವರ ನೆನಪಿನಲ್ಲಿವೆ. ಊರಿನ ಹೆಸರು ‘ಮಾರುತ’ ಎಂಬ ಯುದ್ಧವಿಮಾನದಿಂದ ಬಂದಿತೆಂದು ಹೇಳುವವರುಂಟು. ಆ ವಿಮಾನವು ಮೊದಲು ಹಾರಿದ್ದು 1961ರಲ್ಲಿ. ಅಜ್ಜಿಯನ್ನು ಕೇಳಿದರೆ ಬೇರೆಯೇ ಕಥೆ ಹೊರಟೀತು. ಈ ಹತ್ತು ನಿಮಿಷದ ಮಾತನ್ನು ಚಿತ್ರವಾಗಿ ಉಳಿಸುವುದು ನಮ್ಮ ಕೆಲಸ. ಸಿನಿಮಾದ ನಟನಾದರೆ ಹಾಳಾದ ದೃಶ್ಯವನ್ನು ನಾಳೆ ಮತ್ತೆ ಅಭಿನಯಿಸಿ ಕೊಡುವನು. ಅಜ್ಜಿಗೆ ಅದೇ ನೆನಪು ಅದೇ ಮಾತಿನಲ್ಲಿ ಮತ್ತೊಮ್ಮೆ ಬರುವುದೆಂಬ ಭರವಸೆಯಿಲ್ಲ.

ಮೊದಲು ಶಬ್ದ

ಕ್ಯಾಮರದಿಂದ ಆರಂಭಿಸಿ, ಶಬ್ದವನ್ನು ಕೊನೆಯ ಪುಟಗಳಿಗೆ ತಳ್ಳುವುದು ಈ ಬಗೆಯ ಪುಸ್ತಕಗಳ ವಾಡಿಕೆ. ನಾವು ಆ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. ಚಿತ್ರವು ಸ್ವಲ್ಪ ಮಸುಕಾದರೂ ನೋಡುವವರು ಸಹಿಸುವರು. ಮಾತು ತಿಳಿಯದಿದ್ದರೆ ಎರಡೇ ನಿಮಿಷದಲ್ಲಿ ಎದ್ದು ಹೋಗುವರು.

ಅಜ್ಜಿ ಗೋಡೆಗೊರಗಿ ಕುಳಿತಿದ್ದಾರೆ. ಫೋನನ್ನು 2 ಮೀಟರು ದೂರದಲ್ಲಿ ಮುಕ್ಕಾಲಿಯ ಮೇಲೆ ನಿಲ್ಲಿಸಿದ್ದೇವೆ. ಚಿತ್ರಕ್ಕೆ ಈ ದೂರ ಸರಿಯೇ; ಶಬ್ದಕ್ಕೆ ಮಾತ್ರ ಬಹಳ ಹೆಚ್ಚು. ಬಾಯಿಂದ ಹೊರಟ ಶಬ್ದವು ಗೋಲಾಕಾರವಾಗಿ ಹರಡುತ್ತ ಹೋಗುತ್ತದೆ. ಗೋಲದ ಮೇಲ್ಮೈ ತ್ರಿಜ್ಯದ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದ, ದೂರ ಎರಡರಷ್ಟಾದರೆ ಶಬ್ದದ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಈಗ 2 ಮೀಟರು ದೂರದಲ್ಲಿದ್ದ ಮೈಕನ್ನು ಬಾಯಿಂದ 20 ಸೆಂಟಿಮೀಟರು ದೂರಕ್ಕೆ ತಂದೆವೆಂದು ಭಾವಿಸಿ. ದೂರವು ಹತ್ತನೆಯ ಒಂದು ಪಾಲಾಯಿತು. ಅಜ್ಜಿಯ ದನಿಯ ತೀವ್ರತೆ ನೂರ್ಮಡಿಯಾಯಿತು. ಡೆಸಿಬೆಲ್ ಲೆಕ್ಕದಲ್ಲಿ ಇದು 20 ಡೆಸಿಬೆಲ್ ಲಾಭ. ಇತ್ತ ವರ್ತುಲ ರಸ್ತೆಯ ಗದ್ದಲವೇನಾಯಿತು? ಅದು ನೂರಾರು ಮೀಟರು ದೂರದಿಂದ ಬರುತ್ತಿರುವುದು. ಮೈಕನ್ನು ಕೋಣೆಯೊಳಗೆ ಒಂದೆರಡು ಮೀಟರು ಅತ್ತಿತ್ತ ಸರಿಸಿದರೆ ಅದಕ್ಕೆ ಏನೂ ವ್ಯತ್ಯಾಸವಿಲ್ಲ. ಆದುದರಿಂದ ಗದ್ದಲ ಇದ್ದಂತೆಯೇ ಇದ್ದು, ಮಾತು ಮಾತ್ರ ನೂರರಷ್ಟು ಪ್ರಬಲವಾಯಿತು. ಸಾವಿರಾರು ರೂಪಾಯಿಯ ಮೈಕನ್ನು ದೂರದಲ್ಲಿಡುವುದಕ್ಕಿಂತ ಅಗ್ಗದ ಮೈಕನ್ನು ಹತ್ತಿರದಲ್ಲಿಡುವುದು ಮೇಲು.

ಕಾಲರ್ ಮೈಕ್ ಎಂದು ಅಂಗಡಿಗಳಲ್ಲಿ ಕರೆಯುವ ಚಿಕ್ಕ ಮೈಕು ಈ ಕೆಲಸಕ್ಕೆ ತಕ್ಕುದು. ಅದನ್ನು ಅಜ್ಜಿಯ ಸೆರಗಿನ ಅಂಚಿಗೆ, ಕೊರಳ ಸರ ತಾಗದಂತೆ ಸಿಕ್ಕಿಸಬೇಕು; ಸರದ ಒಂದು ಮಣಿ ಉಜ್ಜಿದರೂ ಗುಡುಗಿನಂತೆ ಕೇಳಿಸುವುದು. ಮೈಕ್ ಇಲ್ಲದಿದ್ದರೆ ಗೆಳೆಯನ ಫೋನನ್ನು ಧ್ವನಿಮುದ್ರಣಕ್ಕೆ ಹಚ್ಚಿ, ಚಿತ್ರದ ಅಂಚಿನಿಂದ ಸ್ವಲ್ಪವೇ ಹೊರಗೆ, ಸಣ್ಣ ಮಣೆಯ ಮೇಲೆ ಮಡಿಸಿದ ಬಟ್ಟೆಯನ್ನಿಟ್ಟು ಅದರ ಮೇಲಿಡಿ. ಈಗ ಚಿತ್ರ ಒಂದು ಯಂತ್ರದಲ್ಲಿ, ಶಬ್ದ ಇನ್ನೊಂದರಲ್ಲಿ. ಇವೆರಡನ್ನೂ ಮುಂದೆ ಜೋಡಿಸುವುದು ಹೇಗೆ? ಸಿನಿಮಾದವರು ದೃಶ್ಯದ ಮೊದಲಿಗೆ ಹಲಗೆಯನ್ನು ಚಟ್ಟೆಂದು ಬಡಿಯುವುದು ಇದಕ್ಕಾಗಿಯೇ, ಡೌಲಿಗಲ್ಲ. ಹಲಗೆ ಮುಚ್ಚಿದ ಚಿತ್ರವನ್ನೂ ‘ಚಟ್’ ಎಂಬ ಶಬ್ದವನ್ನೂ ಒಂದೇ ಕ್ಷಣಕ್ಕೆ ಹೊಂದಿಸಿದರೆ ಉಳಿದುದೆಲ್ಲ ತಾನಾಗಿ ಹೊಂದುತ್ತದೆ. ಕ್ಯಾಮರದ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿದರೂ ಸಾಕು. ಆದರೆ ಮೈಕಿನ ಸಮೀಪದಲ್ಲಿ ತಟ್ಟಬೇಕು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 345 ಮೀಟರು ಚಲಿಸುವುದರಿಂದ, 14 ಮೀಟರು ದೂರದಲ್ಲಿ ತಟ್ಟಿದ ಚಪ್ಪಾಳೆ ಸೆಕೆಂಡಿನ 24ನೆಯ ಒಂದು ಪಾಲು ತಡವಾಗಿ ತಲುಪುವುದು. ಸಿನಿಮಾದಲ್ಲಿ ಅದು ಒಂದು ಚಿತ್ರದ ಅವಧಿ.

ಬಾವಿಯೊಳಗಿನ ದನಿಯ ವಿಷಯಕ್ಕೆ ಬರೋಣ. ಗಾರೆಯ ಗೋಡೆ, ನುಣುಪಾದ ಟೈಲ್ಸ್ ನೆಲ, ಕಾಂಕ್ರೀಟಿನ ಛಾವಣಿ ಇವು ಶಬ್ದಕ್ಕೆ ಕನ್ನಡಿಯಿದ್ದಂತೆ. ಅಜ್ಜಿ ಒಂದು ಮಾತು ಆಡಿ ಮುಗಿಸಿದ ಮೇಲೂ ಅದರ ಪ್ರತಿಫಲನಗಳು ಗೋಡೆಯಿಂದ ಗೋಡೆಗೆ ಹಾಯುತ್ತ ಮುಂದಿನ ಮಾತಿನ ಮೇಲೆ ಬೀಳುತ್ತವೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಉಪನ್ಯಾಸಕರ ಮಾತು ಯಾರಿಗೂ ತಿಳಿಯದ ಸಭಾಂಗಣವೊಂದಿತ್ತು. ಅದನ್ನು ಸರಿಪಡಿಸುವ ಕೆಲಸ 1895ರಲ್ಲಿ ವಾಲೆಸ್ ಸೇಬಿನ್ ಎಂಬ ತರುಣ ಅಧ್ಯಾಪಕನ ಪಾಲಿಗೆ ಬಂದಿತು. ಆತನು ರಾತ್ರಿಯ ನೀರವದಲ್ಲಿ ಒಂದು ಆರ್ಗನ್ ಕೊಳವೆಯನ್ನು ನುಡಿಸಿ, ನಿಲ್ಲಿಸಿ, ಶಬ್ದ ಎಷ್ಟು ಹೊತ್ತು ಉಳಿಯುವುದೆಂದು ಅಳೆದನು. ಬೇರೊಂದು ಸಭಾಂಗಣದ ಆಸನದ ದಿಂಬುಗಳನ್ನು ಹೊತ್ತು ತಂದು ಹರವಿ ಮತ್ತೆ ಅಳೆದನು. ಹೀಗೆ ದೊರೆತ ಸೂತ್ರ ಬಲು ಸರಳ: ಕೋಣೆಯ ಗಾತ್ರವನ್ನು ಘನ ಮೀಟರುಗಳಲ್ಲಿ ತೆಗೆದುಕೊಂಡು 0.16ರಿಂದ ಗುಣಿಸಿ, ಕೋಣೆಯ ಒಟ್ಟು ಹೀರಿಕೆಯಿಂದ ಭಾಗಿಸಿದರೆ, ಶಬ್ದವು 60 ಡೆಸಿಬೆಲ್‌ನಷ್ಟು ಕುಗ್ಗಲು ಹಿಡಿಯುವ ಸೆಕೆಂಡುಗಳು ಸಿಕ್ಕುತ್ತವೆ.

ಇದನ್ನು ಮಾರತ್ತಹಳ್ಳಿಯ ಬಾಡಿಗೆ ಕೋಣೆಯೊಂದಕ್ಕೆ ಅನ್ವಯಿಸಿ ನೋಡಿ. ಕೋಣೆಯ ಉದ್ದ 4 ಮೀಟರು, ಅಗಲ 3, ಎತ್ತರ 3. ಗಾತ್ರ 36 ಘನ ಮೀಟರು. ಗೋಡೆ, ನೆಲ, ಛಾವಣಿ ಎಲ್ಲ ಸೇರಿ ಮೇಲ್ಮೈ 66 ಚದರ ಮೀಟರು. ಗಟ್ಟಿಯಾದ ಈ ಮೇಲ್ಮೈಗಳು ತಮ್ಮ ಮೇಲೆ ಬಿದ್ದ ಶಬ್ದದಲ್ಲಿ ನೂರಕ್ಕೆ 3ರಷ್ಟು ಹೀರುತ್ತವೆಂದರೆ, ಒಟ್ಟು ಹೀರಿಕೆ ಸುಮಾರು 2. ಲೆಕ್ಕ ಮಾಡಿದರೆ 2.9 ಸೆಕೆಂಡು! ನಿಜವಾದ ಕೋಣೆಯಲ್ಲಿ ಬಾಗಿಲು, ಕಿಟಕಿ, ಮಂಚ, ಮನುಷ್ಯರು ಇರುವುದರಿಂದ ಇಷ್ಟಾಗದು. ಆದರೂ ದೋಷದ ಪ್ರಮಾಣ ತಿಳಿಯಿತಷ್ಟೆ. ಈಗ 10 ಚದರ ಮೀಟರಿನಷ್ಟು ಕಂಬಳಿ, ರಜಾಯಿ, ಹಾಸಿಗೆಗಳನ್ನು ಅಜ್ಜಿಯ ಸುತ್ತ, ಚಿತ್ರಕ್ಕೆ ಕಾಣದ ಕಡೆ ಇಳಿಬಿಡಿ. ಅವು ಅರ್ಧದಷ್ಟು ಶಬ್ದವನ್ನು ಹೀರಿದರೆ ಹೀರಿಕೆ 5 ಹೆಚ್ಚಿ 7 ಆಗುವುದು, ಕಾಲವು 0.8 ಸೆಕೆಂಡಿಗೆ ಇಳಿಯುವುದು. ಕೇಳುವ ಕಿವಿಗೆ ಇದು ಬೇರೆ ಕೋಣೆಯೇ ಸರಿ.

ನಮ್ಮ ಕುರುಬರು ನೇಯುವ ಕರಿಯ ಕಂಬಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಉಣ್ಣೆಯ ಎಳೆಗಳ ನಡುವೆ ನುಗ್ಗಿದ ಗಾಳಿಯ ಕಣಗಳು ತಿಕ್ಕಾಟದಿಂದ ತಮ್ಮ ಚಲನೆಯನ್ನು ಕಳೆದುಕೊಂಡು, ಶಬ್ದದ ಶಕ್ತಿ ಅತ್ಯಲ್ಪ ಶಾಖವಾಗಿ ಬದಲಾಗುತ್ತದೆ. ಆದರೆ ಕಂಬಳಿಯನ್ನು ಗೋಡೆಗೆ ಅಂಟಿಸಿದಂತೆ ತೂಗಬಾರದು. ಅರ್ಧ ಗೇಣು ಬಿಟ್ಟು ತೂಗಬೇಕು. ಕಾರಣವೇನೆಂದರೆ, ಗೋಡೆಯನ್ನು ಮುಟ್ಟಿದ ಗಾಳಿ ಅಲುಗಲಾರದು. ಗೋಡೆಯಿಂದ ಕಾಲು ತರಂಗದೂರದಲ್ಲಿ ಅದರ ಚಲನೆ ಅತ್ಯಧಿಕ. ಸೆಕೆಂಡಿಗೆ 1000 ಕಂಪನಗಳ ಶಬ್ದಕ್ಕೆ ತರಂಗದೂರ 34.5 ಸೆಂಟಿಮೀಟರು, ಅದರ ಕಾಲುಭಾಗ ಸುಮಾರು 8.6 ಸೆಂಟಿಮೀಟರು. ಚಲನೆ ಇರುವಲ್ಲಿ ತಾನೆ ತಿಕ್ಕಾಟ! ಇದೇ ಲೆಕ್ಕವು ಕಂಬಳಿಯ ಮಿತಿಯನ್ನೂ ತಿಳಿಸುತ್ತದೆ. ಬೀದಿಯಲ್ಲಿ ನಿಂತ ನೀರಿನ ಟ್ಯಾಂಕರಿನ ಗುಂಯ್‌ಗುಡುವಿಕೆ 100 ಕಂಪನಗಳದ್ದಾದರೆ ಅದರ ಕಾಲು ತರಂಗದೂರ 86 ಸೆಂಟಿಮೀಟರು. ಅದನ್ನು ಕಂಬಳಿ ತಡೆಯಲಾರದು. ಕಿಟಕಿ ಮುಚ್ಚಿದರೂ ಅದು ಒಳಕ್ಕೆ ಬಂದೀತು. ಧ್ವನಿಮುದ್ರಣದ ಸಾಧನದಲ್ಲಿ ತಗ್ಗು ಕಂಪನಗಳನ್ನು ಸೋಸುವ ಸೌಲಭ್ಯವಿದ್ದರೆ 80ರ ಆಸುಪಾಸಿಗೆ ಇಡಿ. ಸ್ತ್ರೀಯರ ದನಿಯ ಮೂಲ ಕಂಪನ ಸಾಮಾನ್ಯವಾಗಿ 200ರ ಹತ್ತಿರವಿರುವುದರಿಂದ ಮಾತಿಗೆ ನಷ್ಟವಿಲ್ಲ.

ಮನೆಯೊಳಗಿನ ಗದ್ದಲ ನಮ್ಮ ಕೈಯಲ್ಲಿದೆ. ಫ್ಯಾನು ನಿಲ್ಲಿಸಬೇಕು, ಕುಕ್ಕರನ್ನು ಒಲೆಯಿಂದ ಇಳಿಸಿರಬೇಕು, ಫ್ರಿಜ್ಜನ್ನು ಆರಿಸಬೇಕು. ಆರಿಸಿದ ಫ್ರಿಜ್ಜಿನೊಳಗೆ ನಿಮ್ಮ ಬೈಕಿನ ಬೀಗದ ಕೈ ಇಟ್ಟುಬಿಡಿ. ಹೊರಡುವಾಗ ಅದನ್ನು ಮತ್ತೆ ಹಚ್ಚಲು ಮರೆಯಲಾರಿರಿ, ಅಜ್ಜಿಯ ಮನೆಯ ಹಾಲೂ ಒಡೆಯದು. ಹೊರಗಿನ ಗದ್ದಲ ನಮ್ಮ ಕೈಯಲ್ಲಿಲ್ಲ. ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಹೋದುವು. ಆದರೆ ಪರೀಕ್ಷಾರ್ಥ ಹಾರಾಟಗಳು ನಿಂತಿಲ್ಲ. ಯುದ್ಧವಿಮಾನವೊಂದು ಮೇಲೆದ್ದಾಗ ಮಾರತ್ತಹಳ್ಳಿಯಲ್ಲಿ ಎದುರು ಕುಳಿತವರ ಮಾತೂ ಕೇಳದು. ಆಗ ಅಜ್ಜಿಯನ್ನು ಕೈಯೆತ್ತಿ ತಡೆಯಬೇಕೆ? ತಡೆಯಬಾರದೆಂಬುದು ನಮ್ಮ ಅಭಿಪ್ರಾಯ. ತಡೆದರೆ ನೆನಪಿನ ಎಳೆ ಹರಿಯುತ್ತದೆ. ಅವರು ಆಡಿ ಮುಗಿಸಲಿ. ವಿಮಾನ ಹೋದ ಮೇಲೆ, “ಅಜ್ಜೀ, ಆ ಕೆರೆ ಮಾತು ಇನ್ನೊಂದ್ಸಲ ಹೇಳಿ” ಎಂದು ಕೇಳಿದರೆ, ಆ ವಾಕ್ಯವೇ ಬಾರದಿದ್ದರೂ ಅದರ ಸಂಗತಿ ಬರುವುದು. ಎರಡೂ ನಮ್ಮಲ್ಲಿರಲಿ.

ಇನ್ನೊಂದು ತೊಡಕುಂಟು. ಫೋನು ಶಬ್ದದ ಮಟ್ಟವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಅಜ್ಜಿ ಯೋಚಿಸುತ್ತ ಸುಮ್ಮನಾದರೆ, ಶಬ್ದ ಸಾಲದೆಂದು ತಿಳಿದು ಅದು ಮಟ್ಟವನ್ನು ಏರಿಸುತ್ತದೆ; ಕೂಡಲೇ ರಸ್ತೆಯ ಮೊರೆತ ಉಕ್ಕಿ ಬರುತ್ತದೆ. ಮಾತು ಮತ್ತೆ ಆರಂಭವಾದೊಡನೆ ಇಳಿಸುತ್ತದೆ. ಈ ಏರಿಳಿತವನ್ನು ಆಮೇಲೆ ತಿದ್ದುವುದು ಕಷ್ಟ. ಮಟ್ಟವನ್ನು ಕೈಯಿಂದ ನಿಗದಿ ಮಾಡಲು ಅವಕಾಶವಿರುವ ಸಾಧನವನ್ನೇ ಬಳಸಿ, ಅತಿ ಜೋರಾದ ಮಾತೂ ಗರಿಷ್ಠ ಮಟ್ಟಕ್ಕಿಂತ 12 ಡೆಸಿಬೆಲ್‌ನಷ್ಟು ಕೆಳಗೇ ಉಳಿಯುವಂತೆ ಇಡತಕ್ಕದ್ದು. ಅಜ್ಜಿ ನಕ್ಕರೆ ಅದಕ್ಕೂ ಎಡೆಯಿರಬೇಕಲ್ಲವೆ?

ಬೆಳಕು

ಮಾರತ್ತಹಳ್ಳಿ ಇರುವುದು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿ. ಬೆಳಕಿನ ಪಾಠವೆಲ್ಲ ಈ ಒಂದು ಅಂಕಿಯಿಂದ ಹೊರಡುತ್ತದೆ. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ, ಆಗಸ್ಟ್ ಮೂರನೆಯ ವಾರದಲ್ಲಿ ಮತ್ತೊಂದು ದಿನ ನಡುಹಗಲಿನ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ; ನೆಟ್ಟ ಕಂಬಕ್ಕೆ ನೆರಳಿರುವುದಿಲ್ಲ. ಕಂಬಕ್ಕೆ ನೆರಳಿಲ್ಲವಾದರೂ ಮುಖಕ್ಕೆ ಉಂಟು: ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗುಳಿಗಳು ಕಾಣುವುವು. ಡಿಸೆಂಬರಿನಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ ಸರಿದು 53 ಡಿಗ್ರಿ ಎತ್ತರದಲ್ಲಿರುವುದರಿಂದ ಪರಿಸ್ಥಿತಿ ಅಷ್ಟು ಕೆಟ್ಟದಲ್ಲ.

ಸಂಜೆಯ ಹೊಂಬೆಳಕು ಚೆನ್ನೆಂದು ವಿದೇಶದ ಪುಸ್ತಕಗಳಲ್ಲಿ ಓದಿ, ಅದಕ್ಕಾಗಿ ಕಾಯುವವರು ಒಂದು ಸಂಗತಿಯನ್ನು ನೆನಪಿಡಬೇಕು. ನಮ್ಮಲ್ಲಿ ಸೂರ್ಯ ದಿಗಂತಕ್ಕೆ ಹೆಚ್ಚುಕಡಿಮೆ ನೇರವಾಗಿ ಇಳಿಯುತ್ತಾನೆ; ಲಂಡನ್ನಿನಲ್ಲಿ ಓರೆಯಾಗಿ ಜಾರುತ್ತಾನೆ. ಹಗಲಿರುಳು ಸಮನಾದ ಮಾರ್ಚ್ ತಿಂಗಳ ದಿನ, ಮುಳುಗಿದ ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯಲು ಲಂಡನ್ನಿನಲ್ಲಿ ಸುಮಾರು 33 ನಿಮಿಷ ಬೇಕು. ಬೆಂಗಳೂರಿನಲ್ಲಿ 21 ನಿಮಿಷ ಸಾಕು. ಮುಕ್ಕಾಲಿಯನ್ನು ಬಿಚ್ಚಿ ನಿಲ್ಲಿಸುವುದರೊಳಗೆ ಕತ್ತಲಾದರೆ ಅದು ನಮ್ಮ ತಪ್ಪಲ್ಲ, ಅಕ್ಷಾಂಶದ ಮಹಿಮೆ.

ಅಜ್ಜಿಯ ಕೋಣೆಗೆ ಒಂದು ಕಿಟಕಿ ಇದೆ. ಅನನುಭವಿಗಳು ಮಾಡುವ ಮೊದಲ ಕೆಲಸ, ‘ಹಿನ್ನೆಲೆ ಚೆನ್ನಾಗಿದೆ’ ಎಂದು ಅವರನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸುವುದು. ಹಾಗೆ ಮಾಡಿದರೆ ಮುಖ ಇದ್ದಿಲಾಗುವುದು. ಕಿಟಕಿ ಅವರ ಒಂದು ಪಕ್ಕಕ್ಕೆ, ತುಸು ಮುಂದಕ್ಕಿರುವಂತೆ ಕೂರಿಸಬೇಕು. ನೇರ ಬಿಸಿಲು ಬೀಳುತ್ತಿದ್ದರೆ ಕಿಟಕಿಗೆ ಒಂದು ಬಿಳಿಯ ಪಂಚೆ ಕಟ್ಟಿ. ನೆರಳು ಕಠೋರವೋ ಮೃದುವೋ ಎಂಬುದನ್ನು ನಿರ್ಣಯಿಸುವುದು ದೀಪದ ಪ್ರಖರತೆಯಲ್ಲ. ಬೆಳಕು ಬೀಳುವ ಜಾಗದಿಂದ ನೋಡಿದಾಗ ಆ ದೀಪ ಎಷ್ಟು ಅಗಲವಾಗಿ ಕಾಣುವುದೆಂಬುದು. ಆಕಾಶದಲ್ಲಿ ಸೂರ್ಯನ ಅಗಲ ಕೇವಲ ಅರ್ಧ ಡಿಗ್ರಿ. ಆದುದರಿಂದ ನೆರಳಿನ ಅಂಚು ಕತ್ತಿಯಂತೆ. ಒಂದು ಮೀಟರು ಅಗಲದ ಪಂಚೆ ಒಂದು ಮೀಟರು ದೂರದಲ್ಲಿ ಬೆಳಗಿದರೆ, ಐವತ್ತು ಡಿಗ್ರಿಗೂ ಮಿಗಿಲಾದ ಅಗಲದ ದೀಪವಾಯಿತು. ನೆರಳಿನ ಅಂಚು ಕರಗಿ, ಮುಖದ ಸುಕ್ಕುಗಳು ಕಾಣುತ್ತಲೇ ಮೃದುವಾಗುತ್ತವೆ.

ಭಾರತದ ಚಲಚ್ಚಿತ್ರದಲ್ಲಿ ಈ ತತ್ತ್ವಕ್ಕೆ ಪ್ರಸಿದ್ಧ ನಿದರ್ಶನವೊಂದಿದೆ. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರಕ್ಕೆ ಕಾಶಿಯ ಮನೆಯೊಂದರ ತೊಟ್ಟಿಯನ್ನು ಸ್ಟುಡಿಯೋದಲ್ಲಿ ಕಟ್ಟಬೇಕಾಯಿತು. ತೊಟ್ಟಿಗೆ ಬೀಳುವುದು ಆಕಾಶದ ಹರಡಿದ ಬೆಳಕು. ಸ್ಟುಡಿಯೋದ ದೀಪಗಳನ್ನು ನೇರವಾಗಿ ಹಾಯಿಸಿದರೆ ಒಬ್ಬೊಬ್ಬರಿಗೂ ನಾಲ್ಕು ನಾಲ್ಕು ನೆರಳು ಬೀಳುತ್ತಿತ್ತು. ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಮೇಲೆ ಬಿಳಿಯ ಬಟ್ಟೆಯನ್ನು ಬಿಗಿದು, ದೀಪಗಳನ್ನು ಅದರ ಕಡೆಗೆ ತಿರುಗಿಸಿ, ಅಲ್ಲಿಂದ ಪ್ರತಿಫಲಿಸಿದ ಬೆಳಕನ್ನು ಬಳಸಿದರು. ನಮ್ಮ ಪಂಚೆ ಅದರ ಬಡ ಸೋದರ.

ಕಿಟಕಿಯಿಂದ ದೂರವಿರುವ ಕೆನ್ನೆ ಇನ್ನೂ ಕತ್ತಲಾಗಿದ್ದರೆ ಆ ಬದಿಯಲ್ಲಿ ಒಂದು ಬಿಳಿ ಥರ್ಮೊಕೋಲ್ ಹಲಗೆಯನ್ನು ಹಿಡಿಯಿರಿ. ದೊಡ್ಡ ಚಿತ್ರಗಳ ತಂಡದವರೂ ಹಿಡಿಯುವುದು ಅದನ್ನೇ. ಹಲಗೆಯನ್ನು ಹತ್ತಿರ ತಂದಂತೆ ಕೆನ್ನೆ ಬೆಳಗುವುದನ್ನೂ ದೂರ ಸರಿಸಿದಂತೆ ಮಬ್ಬಾಗುವುದನ್ನೂ ಕಣ್ಣಾರೆ ನೋಡಿ, ಎಲ್ಲಿ ಸಾಕೋ ಅಲ್ಲಿ ನಿಲ್ಲಿಸಿ. ಎರಡು ಕೆನ್ನೆಗಳೂ ಸಮನಾಗಿ ಬೆಳಗಿದರೆ ಮುಖವು ಗುರುತಿನ ಚೀಟಿಯ ಫೋಟೋದಂತೆ ಚಪ್ಪಟೆಯಾಗುವುದು. ಒಂದು ಕಡೆ ತುಸು ಕತ್ತಲಿರಲಿ.

ಬೆಳಕಿನ ವಿಷಯ ಬಂದಮೇಲೆ ವಿ. ಕೆ. ಮೂರ್ತಿ ಅವರನ್ನು ನೆನೆಯದೆ ಮುಂದೆ ಹೋಗಲಾಗದು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಸಂಸ್ಥೆಯಲ್ಲಿ ಛಾಯಾಗ್ರಹಣವನ್ನು ಕಲಿತು 1946ರಲ್ಲಿ ಡಿಪ್ಲೊಮ ಪಡೆದವರು. ಚಲಚ್ಚಿತ್ರದ ಆ ಶಿಕ್ಷಣ ಈಗ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿ ಮುಂದುವರಿದಿದೆ. ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ, ಬರಿದಾದ ಸ್ಟುಡಿಯೋದ ಕತ್ತಲೆಯನ್ನು ಸೀಳಿಕೊಂಡು ಮೇಲಿನಿಂದ ಬೆಳಕಿನ ಕಂಬವೊಂದು ಇಳಿಯುತ್ತದೆ. ದೀಪಗಳಿಂದ ಅಂತಹ ಸಮಾನಾಂತರ ಕಿರಣಗಳು ದೊರೆಯವು. ದೂರದ ಸೂರ್ಯನಿಂದ ಮಾತ್ರ ದೊರೆಯುತ್ತವೆ. ಮೂರ್ತಿಯವರು ಸ್ಟುಡಿಯೋದ ಹೊರಗೆ ಒಂದು ದೊಡ್ಡ ಕನ್ನಡಿಯನ್ನಿಟ್ಟು, ಬಿಸಿಲನ್ನು ಒಳಗಿನ ಎತ್ತರದಲ್ಲಿದ್ದ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ನೆಲಕ್ಕೆ ಇಳಿಸಿದರು. ಇಲ್ಲಿ ಎರಡು ಭೌತ ಸಂಗತಿಗಳು ಅಡಗಿವೆ. ಗಾಳಿಯಲ್ಲಿ ಧೂಳೋ ಹೊಗೆಯೋ ಇದ್ದು ಬೆಳಕನ್ನು ಚದರಿಸಿದರೆ ಮಾತ್ರ ಕಿರಣವು ಪಕ್ಕದಲ್ಲಿ ನಿಂತವರಿಗೆ ಕಾಣುತ್ತದೆ. ಎರಡನೆಯದಾಗಿ, ಸೂರ್ಯ 4 ನಿಮಿಷಕ್ಕೆ 1 ಡಿಗ್ರಿಯಂತೆ ಸರಿಯುತ್ತಿರುವುದರಿಂದ, ಕನ್ನಡಿಯಿಂದ 10 ಮೀಟರು ದೂರದಲ್ಲಿ ಬೆಳಕಿನ ಮಚ್ಚೆ ಅಷ್ಟರಲ್ಲಿ 17 ಸೆಂಟಿಮೀಟರಿನವರೆಗೆ ಸರಿದುಬಿಡಬಲ್ಲುದು. ಕನ್ನಡಿಯನ್ನು ಪದೇ ಪದೇ ತಿರುಗಿಸದೆ ವಿಧಿಯಿಲ್ಲ. ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು. ಅವರು ಶ್ರಮಪಟ್ಟು ನಿಲ್ಲಿಸಿದ ಕನ್ನಡಿಗಳು ವರ್ತುಲ ರಸ್ತೆಯ ಉದ್ದಕ್ಕೂ ಹತ್ತು ಹನ್ನೆರಡು ಮಹಡಿಯ ಎತ್ತರಕ್ಕೆ ಬಿಟ್ಟಿಯಾಗಿ ನಿಂತಿವೆ. ಸಂಜೆ ಪಡುವಣ ಬಿಸಿಲು ಆ ಗಾಜಿಗೆ ಬಡಿದು ಪೂರ್ವದ ಕಡೆಯಿಂದ ಬೀದಿಗೆ ಬೀಳುವಾಗ ಒಂದು ವಸ್ತುವಿಗೆ ಎರಡು ಸೂರ್ಯರಿದ್ದಂತೆ ಎರಡು ನೆರಳು ಕಾಣುವುವು. ಮಾರತ್ತಹಳ್ಳಿಯ ವಿದ್ಯಾರ್ಥಿಗಳು ಇದನ್ನೇಕೆ ಬಳಸಿಕೊಳ್ಳಬಾರದು?

ಬಣ್ಣದ ಬಗ್ಗೆ ಎರಡು ಮಾತು. ಹಗಲಿನ ಬೆಳಕಿನ ವರ್ಣತಾಪ ಸುಮಾರು 5500 ಕೆಲ್ವಿನ್. ಹಳೆಯ ತಂತಿಬಲ್ಬಿನದು 2700. ಮನೆಗಳಲ್ಲಿ ಹಾಕುವ ಬಿಳಿ ಎಲ್‌ಇಡಿಯದು ಅನೇಕ ವೇಳೆ 6500. ನಮ್ಮ ಕಣ್ಣು ಇವನ್ನೆಲ್ಲ ಬಿಳಿಯೆಂದೇ ಒಪ್ಪಿಕೊಳ್ಳುತ್ತದೆ, ಕ್ಯಾಮರ ಒಪ್ಪುವುದಿಲ್ಲ. ಕಿಟಕಿಯ ಬೆಳಕು ಸಾಕಾದರೆ ದೀಪಗಳನ್ನು ಆರಿಸಿಬಿಡಿ. ಬಿಳುಪಿನ ಹೊಂದಾಣಿಕೆಯನ್ನು ಒಮ್ಮೆ ನಿಗದಿ ಮಾಡಿ ಬೀಗ ಹಾಕಿ; ಇಲ್ಲವಾದರೆ ಮೋಡ ಬಂದು ಹೋದಂತೆಲ್ಲ ಅಜ್ಜಿಯ ಸೀರೆ ಬಣ್ಣ ಬದಲಿಸುವುದು.

ಕ್ಯಾಮರ

ಚಲಚ್ಚಿತ್ರವೆಂದರೆ ನಿಶ್ಚಲ ಚಿತ್ರಗಳ ಸಾಲು. ಮೂಕಚಿತ್ರಗಳ ಕಾಲದಲ್ಲಿ ಕೈಯಿಂದ ತಿರುಗಿಸುತ್ತಿದ್ದ ಕ್ಯಾಮರಗಳ ವೇಗ ಒಂದೇ ಸಮನಿರುತ್ತಿರಲಿಲ್ಲ. 1927ರ ಸುಮಾರಿಗೆ ಮಾತು ಬಂದಾಗ, ವೇಗ ಏರಿಳಿದರೆ ದನಿಯೂ ಏರಿಳಿಯುವುದೆಂಬ ಕಾರಣದಿಂದ ಸೆಕೆಂಡಿಗೆ 24 ಚಿತ್ರಗಳೆಂದು ನಿಶ್ಚಯವಾಯಿತು. ಹೀಗೆ ಚಿತ್ರದ ವೇಗವನ್ನು ಗೊತ್ತುಮಾಡಿದ್ದೂ ಶಬ್ದವೇ. ಒಂದೊಂದು ಚಿತ್ರಕ್ಕೂ ಅದರ ಅವಧಿಯ ಅರ್ಧದಷ್ಟು ಕಾಲ, ಎಂದರೆ ಸೆಕೆಂಡಿನ 48ನೆಯ ಒಂದು ಪಾಲು, ಬೆಳಕನ್ನು ಬಿಡುವುದು ರೂಢಿ. ಆ ಅವಧಿಯಲ್ಲಿ ಚಲಿಸಿದ ಕೈ ತುಸು ಮಸುಕಾಗುವುದು. ಆ ಮಸುಕೇ ಚಲನೆಯನ್ನು ನಯವಾಗಿ ಕಾಣಿಸುತ್ತದೆ.

ನಮ್ಮ ದೇಶದಲ್ಲಿ ಇದಕ್ಕೊಂದು ತಿದ್ದುಪಡಿ ಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದ್ದು. ಪ್ರತಿ ಆವರ್ತದಲ್ಲಿ ಎರಡು ಬಾರಿ ಪ್ರವಾಹ ಶೂನ್ಯವಾಗುವುದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕ್ಯಾಮರ ಸೆಕೆಂಡಿನ 50ನೆಯ ಒಂದು ಪಾಲು ತೆರೆದಿದ್ದರೆ ಪ್ರತಿ ಚಿತ್ರಕ್ಕೂ ಸರಿಯಾಗಿ ಎರಡು ಮಿನುಗು ದೊರೆಯುವುದು. ಆದರೆ ಹಲವು ಫೋನುಗಳು ಸೆಕೆಂಡಿಗೆ 30 ಚಿತ್ರ, 60ನೆಯ ಒಂದು ಪಾಲು ಎಂದು ಇಟ್ಟುಕೊಂಡಿರುತ್ತವೆ. ಆಗ ಒಂದು ಚಿತ್ರಕ್ಕೆ ಒಂದೂ ಮುಕ್ಕಾಲಿಗೆ ತುಸು ಕಡಿಮೆ ಮಿನುಗು. ಒಂದೊಂದಕ್ಕೆ ಒಂದೊಂದು ಬಗೆ. ಅದರ ಮೇಲೆ, ಫೋನು ಚಿತ್ರವನ್ನು ಸಾಲುಸಾಲಾಗಿ ಮೇಲಿನಿಂದ ಕೆಳಕ್ಕೆ ಓದುವುದರಿಂದ ಬೆಳಕಿನ ವ್ಯತ್ಯಾಸ ಪಟ್ಟೆಗಳಾಗಿ ಗೋಡೆಯ ಮೇಲೆ ಹರಿಯುವುದು. ಮೊದಲಿಗೆ ಹೇಳಿದ ನೆರಳುಗಳ ರಹಸ್ಯ ಇದೇ. ಸೆಕೆಂಡಿಗೆ 25 ಚಿತ್ರ, 50ನೆಯ ಒಂದು ಪಾಲು ಎಂದು ಬದಲಿಸಿದರೆ ಅವು ಮಾಯವಾಗುತ್ತವೆ.

ಬಯಲಿನಲ್ಲಿ ಬೇರೆ ತೊಂದರೆ. ನಿಚ್ಚಳ ಬಿಸಿಲಿನಲ್ಲಿ, ಸಂವೇದನೆ 100 ಇರುವಾಗ, ರಂಧ್ರವು ಎಫ್ 16 ಇದ್ದರೆ ಸೆಕೆಂಡಿನ 100ನೆಯ ಒಂದು ಪಾಲು ಸಾಕೆಂಬುದು ಛಾಯಾಗ್ರಾಹಕರ ಹಳೆಯ ಕೈಲೆಕ್ಕ. ಫೋನಿನ ರಂಧ್ರ ಸಾಮಾನ್ಯವಾಗಿ ಬದಲಿಸಲಾಗದ್ದು, ಎಫ್ 1.8 ಎನ್ನಿ. 16ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ 79. ಬೆಳಕು 79 ಪಟ್ಟು ಹೆಚ್ಚಾಯಿತು. ಫೋನು ಸೆಕೆಂಡಿನ 8000ದ ಒಂದು ಪಾಲಿಗೆ ಇಳಿಯಬೇಕಾಯಿತು. ಮಸುಕು ಸ್ವಲ್ಪವೂ ಉಳಿಯದೆ ನಡೆಯುವ ಜನ ತೊಗಲುಗೊಂಬೆಗಳಂತೆ ಕುಪ್ಪಳಿಸುವರು. ಮಸೂರದ ಮುಂದೆ ಎನ್.ಡಿ. ಫಿಲ್ಟರ್ ಎಂಬ ಬೂದು ಗಾಜನ್ನು ಇಡುವುದು ಒಂದು ಉಪಾಯ. ನೆರಳಿಗೆ ಹೋಗುವುದು ಖರ್ಚಿಲ್ಲದ ಉಪಾಯ.

ಯಂತ್ರವು ತಾನಾಗಿ ಬೆಳಕನ್ನು ಅಳೆಯುವಾಗ, ಎದುರಿಗಿರುವುದೆಲ್ಲ ಸರಾಸರಿಯಲ್ಲಿ ನೂರಕ್ಕೆ 18ರಷ್ಟು ಬೆಳಕನ್ನು ಮರಳಿಸುವ ಬೂದು ಬಣ್ಣವೆಂಬ ಊಹೆಯ ಮೇಲೆ ನಡೆಯುತ್ತದೆ. ಬಿಳಿ ಸೀರೆಯುಟ್ಟ ಅಜ್ಜಿ ಸುಣ್ಣದ ಗೋಡೆಯ ಮುಂದೆ ಕುಳಿತರೆ, ಬೆಳಕು ಹೆಚ್ಚಾಯಿತೆಂದು ಬಗೆದು ಎಲ್ಲವನ್ನೂ ಮಬ್ಬಾಗಿಸುವುದು. ತೆರೆಯ ಮೇಲೆ ಮುಖವನ್ನು ಒತ್ತಿ ಹಿಡಿದು ಅಲ್ಲಿಗೆ ಅಳತೆಯನ್ನೂ ನಾಭಿಯನ್ನೂ ಬಂಧಿಸಿದರೆ ಈ ಕಾಟ ತಪ್ಪುತ್ತದೆ.

ಚೌಕಟ್ಟಿನ ನಿಯಮಗಳನ್ನು ವಿಸ್ತರಿಸುವುದು ಬೇಡ. ನೋಡಿ ಕಲಿಯುವುದೇ ಲೇಸು. ಅಜ್ಜಿ ನೆಲದ ಮೇಲೆ ಕುಳಿತಿದ್ದರೆ ಕ್ಯಾಮರವೂ ಅವರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು. ಮುಖದ ಹತ್ತಿರ ಹೋಗಿ ಅಗಲ ಮಸೂರದಿಂದ ತೆಗೆದರೆ ಮೂಗು ದಪ್ಪವಾಗುವುದು; ಒಂದೂವರೆ ಮೀಟರಾದರೂ ಹಿಂದೆ ಸರಿಯಿರಿ. ಪ್ರಶ್ನೆ ಕೇಳುವವರು ಕ್ಯಾಮರದ ಪಕ್ಕದಲ್ಲಿಯೇ ಕೂರಬೇಕು. ಇಬ್ಬರ ನಡುವೆ ಒಂದು ಗೆರೆ ಎಳೆದಂತೆ ಭಾವಿಸಿ, ಕ್ಯಾಮರ ಆ ಗೆರೆಯ ಒಂದೇ ಬದಿಯಲ್ಲಿರಲಿ. ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಿರುವಂತೆ ಕಾಣುವುದು. ಮಾತು ಮುಗಿದ ಮೇಲೆ ಅವರ ಕೈಗಳು, ಮೂಲೆಯ ಬೀಸುಕಲ್ಲು, ಕಿಟಕಿಯಾಚೆಯ ಮೇಲುಸೇತುವೆ, ಒಂದೊಂದನ್ನೂ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸುತ್ತ ಅಲುಗಿಸದೆ ತೆಗೆಯಿರಿ. ಮಾತಿನ ನಡುವೆ ಕತ್ತರಿಸಿದ ಜಾಗಗಳನ್ನು ಮುಚ್ಚಲು ಇವು ಬೇಕಾಗುತ್ತವೆ. ವಿಮಾನ ಕಾರ್ಖಾನೆಯ ಬೇಲಿಯ ಕಡೆ ಮಾತ್ರ ಕ್ಯಾಮರವನ್ನು ತಿರುಗಿಸಬೇಡಿ. ಅದು ರಕ್ಷಣಾ ಪ್ರದೇಶ.

ಎಲ್ಲ ಆಯಿತೆಂದು ಎದ್ದೇಳುವ ಮುನ್ನ ಇನ್ನೊಂದು ಕೆಲಸ ಉಳಿದಿದೆ. ಎಲ್ಲರೂ ಇದ್ದಲ್ಲಿಯೇ ಸುಮ್ಮನಿದ್ದು, ಮೈಕನ್ನು ತೆಗೆಯದೆ, ಆ ಕೋಣೆಯ ಮೌನವನ್ನು ಅರ್ಧ ನಿಮಿಷ ಮುದ್ರಿಸಿಕೊಳ್ಳಬೇಕು. ಮೌನವೆಂದರೂ ಅದರಲ್ಲಿ ದೂರದ ರಸ್ತೆಯಿದೆ, ಪಾರಿವಾಳವಿದೆ, ಗೋಡೆಗಳ ಗುಣವಿದೆ. ಅಜ್ಜಿಯ ಎರಡು ವಾಕ್ಯಗಳ ನಡುವಣ ಕೆಮ್ಮನ್ನೋ ಹಾರ್ನನ್ನೋ ಕತ್ತರಿಸಿ ತೆಗೆದಾಗ ಅಲ್ಲಿ ತುಂಬಬೇಕಾದುದು ಇದೇ ಮೌನ. ಬೇರೆ ಕೋಣೆಯದು ಹೊಂದುವುದಿಲ್ಲ. ಆಮೇಲೆ ಅಲ್ಲಿಯೇ ಕುಳಿತು, ಇಯರ್‌ಫೋನು ಹಾಕಿಕೊಂಡು ಮುದ್ರಣವನ್ನು ಮೊದಲಿನಿಂದ ಕೇಳಿ, ಎರಡು ಬೇರೆ ಬೇರೆ ಕಡೆ ಪ್ರತಿ ಮಾಡಿ, ದಿನಾಂಕವನ್ನೂ ಊರನ್ನೂ ಬರೆದಿಡಿ. ಅಜ್ಜಿಗೂ ಒಮ್ಮೆ ಕೇಳಿಸಿ. ಅವರು “ಅಯ್ಯೋ, ಅದೊಂದು ಹೇಳೋದೇ ಮರೆತೆ ಕಣಪ್ಪ” ಎಂದರೆ ಮೈಕು ಇನ್ನೂ ಸೆರಗಿನಲ್ಲಿಯೇ ಇರಲಿ.